ಒಂದು ಮಹಡಿಯ ಅಂತರ

ನಮ್ಮ ಪತ್ರಿಕೆಯ ರಾತ್ರಿ ಪಾಳಿಯ ಡೆಸ್ಕಿನಲ್ಲಿ ನನ್ನ ಕುರ್ಚಿಗೆ ಬೆನ್ನು ಹಚ್ಚಿದಂತೆ ಮುಖಪುಟದ ವಿನ್ಯಾಸಕರ ಕುರ್ಚಿ ಇತ್ತು. ಎಲ್ಲ ಆವೃತ್ತಿಗಳ ವಿನ್ಯಾಸಕರನ್ನೂ ಕೆಳಮಹಡಿಯ ಒಂದೇ ಹಾಲ್‌ಗೆ ಕಳುಹಿಸಲು ಆಡಳಿತದವರು ಮುಂದಾದಾಗ ಮೊದಲು ಒಪ್ಪಿದವನು ನಾನೇ. ಗದ್ದಲ ತಗ್ಗಿದರೆ ತಪ್ಪೂ ತಗ್ಗುತ್ತದೆ ಎಂದು ನಂಬಿದ್ದೆ.

ಮೂರನೆಯ ವಾರ ಬಸ್ ಅಪಘಾತವೊಂದರ ಸುದ್ದಿ ಬಂತು. ಮೃತರ ಪಟ್ಟಿ ಪುಟ ಸೇರಿದ ಮೇಲೆ, ರಾತ್ರಿ 12.10ಕ್ಕೆ, ಜಿಲ್ಲಾ ವರದಿಗಾರರು ಫೋನ್ ಮಾಡಿ, ಪಟ್ಟಿಯಲ್ಲಿರುವ ಯುವಕನೊಬ್ಬ ಐಸಿಯುನಲ್ಲಿ ಬದುಕಿದ್ದಾನೆ ಎಂದರು. 'ಆರನೇ ಹೆಸರು ತೆಗೆಯಿರಿ, ಸಂಖ್ಯೆ 8 ಮಾಡಿ' ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಕೆಲಸ ಮುಗಿಯಿತೆಂದುಕೊಂಡು ಬೇರೆ ಪುಟದತ್ತ ತಿರುಗಿದೆ. ಹತ್ತು ನಿಮಿಷದ ಬಳಿಕ ನೋಡಿದರೆ ಸಂದೇಶವನ್ನು ಯಾರೂ ತೆರೆದಿರಲಿಲ್ಲ. ಇಂಟರ್‌ಕಾಮ್ ಬಡಿದುಕೊಂಡೇ ಇತ್ತು. ಮೆಟ್ಟಿಲಿಳಿದು ಓಡಿದೆ. ವಿನ್ಯಾಸಕರ ಫೋನ್ ಹಾಲ್‌ನ ಆ ತುದಿಯಲ್ಲಿ ಚಾರ್ಜಿಗೆ ಹಾಕಿತ್ತು; ಪುಟ ಮುದ್ರಣಾಲಯಕ್ಕೆ ಹೋಗಿ, ಪ್ಲೇಟ್ ಆಗಿ, ದೂರದ ಊರುಗಳಿಗೆ ಮೊದಲು ಹೊರಡುವ ಡಾಕ್ ಆವೃತ್ತಿ ಅಚ್ಚಾಗುತ್ತಿತ್ತು. ಯಂತ್ರ ನಿಲ್ಲಿಸಬಲ್ಲವರು ಫೋನ್ ಎತ್ತುವಷ್ಟರಲ್ಲಿ ಆ ಯುವಕನ ಊರಿನ ಬಂಡಲ್‌ಗಳು ವ್ಯಾನ್ ಏರಿದ್ದವು.

ಬೆಳಗ್ಗೆ ಆತನ ಅಣ್ಣ ಫೋನ್ ಮಾಡಿದರು. ಬೈಯಲಿಲ್ಲ. 'ಅಮ್ಮ ಊರಲ್ಲಿದ್ದಾರೆ ಸರ್, ಪೇಪರ್ ನೋಡಿಬಿಟ್ಟಿದ್ದಾರೆ' ಎಂದಷ್ಟೇ ಹೇಳಿದರು.

ಮೆಮೊ ಸಿಕ್ಕಿದ್ದು ವಿನ್ಯಾಸಕರಿಗೆ. ಅದು ಅನ್ಯಾಯವೆಂದು ನಾನು ಬರೆದುಕೊಟ್ಟೆ. ಹಳೆಯ ಜಾಗದಲ್ಲಿ, ವರದಿಗಾರರ ಫೋನ್ ಬಂದರೆ ನಾನು ಅದನ್ನು ಕೆಳಗಿಡುವ ಮೊದಲೇ ಅವರು ತಿರುಗಿ 'ಸಂಖ್ಯೆ ಬದಲಾಯ್ತಾ ಸರ್?' ಎಂದು ಕೇಳುತ್ತಿದ್ದರು. ಯಾರ ಕರ್ತವ್ಯಪಟ್ಟಿಯಲ್ಲೂ ಇಲ್ಲದ ಆ ಕೇಳಿಸಿಕೊಳ್ಳುವಿಕೆಯನ್ನು ನಾನು ಗದ್ದಲದ ಲೆಕ್ಕಕ್ಕೆ ಸೇರಿಸಿದ್ದೆ. ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಎಂಜಿನಿಯರುಗಳ ಮಾತುಕತೆ ಕಡಿದಾಗಿ ಇಳಿಯುತ್ತದೆ ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ 1977ರಲ್ಲೇ ತೋರಿಸಿಕೊಟ್ಟಿದ್ದರು.

ಇದಕ್ಕೆ ಆಡಳಿತದವರು ಕಂಡುಕೊಂಡ ಪರಿಹಾರವೆಂದರೆ ಗೋಡೆಗಳನ್ನೆಲ್ಲ ಒಡೆದು ಇಡೀ ಕಚೇರಿಯನ್ನು ಒಂದೇ ಹಾಲ್ ಮಾಡುವುದು. ಅದನ್ನೂ ನಾನು ವಿರೋಧಿಸಿದೆ. ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆರೆದ ಕಚೇರಿಗೆ ಬದಲಾದ ಕಂಪನಿಗಳಲ್ಲಿ ಮುಖಾಮುಖಿ ಮಾತು ಸುಮಾರು 70%ರಷ್ಟು ಕುಸಿದು, ಇ-ಮೇಲ್ ಹೆಚ್ಚಿತ್ತು. ನಾವು ಕೇಳಿದ್ದು ಇಬ್ಬರ ಕುರ್ಚಿಗಳು ಹತ್ತಿರವಿರಲಿ ಎಂಬುದನ್ನು ಮಾತ್ರ.

ಎರಡು ತಿಂಗಳ ಪತ್ರವ್ಯವಹಾರದ ನಂತರ ಮುಖಪುಟದ ವಿನ್ಯಾಸಕರ ಕಂಪ್ಯೂಟರ್ ಮತ್ತೆ ಮೇಲಿನ ಮಹಡಿಗೆ ಬಂತು. ಜಿಲ್ಲಾ ಪುಟಗಳವರು ಇನ್ನೂ ಕೆಳಗಿದ್ದಾರೆ. ಹೆಸರು ಅಥವಾ ಸಂಖ್ಯೆ ಬದಲಾದ ರಾತ್ರಿ ನಾನೇ ಇಳಿದುಹೋಗಿ, ಪರದೆಯ ಮೇಲೆ ತಿದ್ದುಪಡಿ ಕಾಣುವವರೆಗೆ ಅವರ ಪಕ್ಕ ನಿಲ್ಲುತ್ತೇನೆ.