ಬಚ್ಚಲಿಗೆ ಬಂದ ಹಣ, ಸಭಾಭವನಕ್ಕೆ ಹಾಸಿದ ಕಲ್ಲು

ಡಿಸೆಂಬರ್ ಬಂತೆಂದರೆ ನಮ್ಮಂಥ ಲೆಕ್ಕಿಗರಿಗೆ ಎಫ್‌ಸಿ-4 (ಹೊರದೇಶದ ದೇಣಿಗೆಯ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸುವ ವಾರ್ಷಿಕ ರಿಟರ್ನ್) ಬಿಟ್ಟು ಬೇರೆ ಯೋಚನೆ ಇರುವುದಿಲ್ಲ. 31ರೊಳಗೆ ರಿಟರ್ನ್ ಹೋಗಬೇಕು, ದಾನಿ ಸಂಸ್ಥೆಗೆ ಯುಸಿ, ಅಂದರೆ ಹಣ ಬಳಕೆಯ ಪ್ರಮಾಣಪತ್ರ, ಹೋಗಬೇಕು. ಯಾದಗಿರಿ ಜಿಲ್ಲೆಯಲ್ಲಿ ಕಥೋಲಿಕ ಗುರುಗಳು ನಡೆಸುವ ಒಂದು ಸಮಾಜಸೇವಾ ಸಂಸ್ಥೆಯ ಲೆಕ್ಕಪತ್ರ ನನ್ನ ಕೈಯಲ್ಲಿದೆ. ಭಾನುವಾರ ನಾನು ಪೂಜೆಗೆ ಹೋಗುವುದೂ ಅದೇ ಗುಡಿಗೆ. ಹೀಗಾಗಿ ಈ ಸಂಗತಿ ನನಗೆ ಬರೀ ನೌಕರಿಯದಲ್ಲ.

ಆ ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ಶೌಚಾಲಯ ಮತ್ತು ಬಚ್ಚಲುಗಳಿಗೆಂದು ಹೊರದೇಶದಿಂದ ಅನುದಾನ ಬಂದಿತ್ತು. ತಂದೆತಾಯಿ ಬೆಂಗಳೂರಿಗೋ ಮುಂಬೈಗೋ ಗುಳೆ ಹೋದಾಗ ಈ ಮಕ್ಕಳಿಗೆ ಹಾಸ್ಟೆಲೇ ಮನೆ. ಆಗಿನ ನಿರ್ದೇಶಕರಾಗಿದ್ದ ಫಾದರ್ ಊರಿಗೆಲ್ಲ ಬೇಕಾದವರು. ಮೇ ತಿಂಗಳಲ್ಲಿ ಅವರ ವರ್ಗಾವಣೆಯಾಯಿತು. ನಮ್ಮಲ್ಲಿ ಚಾರ್ಜ್ ಕೊಡುವುದೆಂದರೆ ಶಾಲು, ಹಾರ, ಊಟ, ಕಣ್ಣೀರು. ಕ್ಯಾಶ್ ಬುಕ್ ಮುಚ್ಚಿ, ಬಾಕಿ ಅಡ್ವಾನ್ಸ್ ಪಟ್ಟಿ ಮಾಡಿ, ಹೋಗುವವರೂ ಬರುವವರೂ ಸಹಿ ಹಾಕುವ ಪದ್ಧತಿ ಇರಲಿಲ್ಲ. ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಪ್ರತಿ ಯೋಜನೆಯ ಖರ್ಚು ಬೇರೆಯಾಗಿ ಕಾಣುವಂತೆ ಕಾಸ್ಟ್ ಸೆಂಟರ್ ಹಾಕಿಸಿ ಎಂದು ನಾನು ಬರೆದುಕೊಟ್ಟ ಕಾಗದ ಯಾವ ಫೈಲಿನಲ್ಲಿ ಸೇರಿತೋ ಗೊತ್ತಿಲ್ಲ.

ಯುಸಿ ತಯಾರಿಸಲು ಕುಳಿತಾಗ ಒಂದು ಬಿಲ್ಲು ಕಣ್ಣಿಗೆ ಚುಚ್ಚಿತು. ‘ಹಾಸ್ಟೆಲ್ ಬಚ್ಚಲು, ಶಹಾಬಾದ್ ಕಲ್ಲು, 1,200 ಚದರ ಅಡಿ’. ವಾರ್ಡನ್ ಸಿಸ್ಟರ್ ಅವರನ್ನು ಕರೆದುಕೊಂಡು ಟೇಪು ಹಿಡಿದು ಹೋದೆ. ಒಂದೊಂದು ಬಚ್ಚಲು ಉದ್ದ ಐದಡಿ, ಅಗಲ ನಾಲ್ಕಡಿ. ಅಂಥವು ಆರು. ಒಟ್ಟು 120 ಚದರ ಅಡಿ. ಅದರಲ್ಲೂ ಎರಡಕ್ಕೆ ಕಲ್ಲೇ ಹಾಸಿರಲಿಲ್ಲ. ಜಲ್ಲಿಯ ಮೇಲೆ ಸಿಮೆಂಟು ಮೆತ್ತಿ ಬಿಟ್ಟಿದ್ದರು. ಬಾಗಿಲಿಲ್ಲದ ಒಂದಕ್ಕೆ ಹಳೆಯ ಸೀರೆ ಕಟ್ಟಿತ್ತು. ಉಳಿದ ಕಲ್ಲು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಗುಡಿಯ ಪಕ್ಕದ ಸಭಾಭವನದಲ್ಲಿ ಅದರ ಮೇಲೆಯೇ ಕುಳಿತು ನಾವೆಲ್ಲ ಬೆಳ್ಳಿಹಬ್ಬದ ಊಟ ಮಾಡಿದ್ದೆವು.

ಹೊಸ ನಿರ್ದೇಶಕರ ಕೋಣೆಯಲ್ಲಿ ಸಭೆ ಸೇರಿತು. ಫಾದರ್, ಸಿಸ್ಟರ್, ಹಣಕಾಸು ಸಮಿತಿಯ ಇಬ್ಬರು ಹಿರಿಯರು, ನಾನು. ಬಿಲ್ಲನ್ನೂ ಅಳತೆಯ ಚೀಟಿಯನ್ನೂ ಮೇಜಿನ ಮೇಲಿಟ್ಟೆ. ಫಾದರ್ ಸಿಡುಕುತ್ತಾರೆ, ಹಿರಿಯರು ನನ್ನ ಬೆನ್ನಿಗೆ ನಿಲ್ಲುತ್ತಾರೆ ಎಂದು ಎಣಿಸಿಕೊಂಡು ಹೋಗಿದ್ದೆ. ಆದದ್ದು ಉಲ್ಟಾ. ಫಾದರ್ ಚೀಟಿಯನ್ನು ಮತ್ತೆ ಮತ್ತೆ ಓದುತ್ತ ಸುಮ್ಮನಿದ್ದರು. ಹಿರಿಯರಲ್ಲಿ ಒಬ್ಬರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. “ತಂಗಿ, ಆ ಫಾದರ್ ಒಂದು ಪೈಸೆಯನ್ನೂ ತಮ್ಮ ಹೊಟ್ಟೆಗೆ ಹಾಕಿಕೊಂಡಿಲ್ಲ. ದೇವರ ಹಣ ದೇವರ ಮನೆಗೇ ಹೋಯಿತು. ಗೌಂಡಿಯಿಂದ ಇನ್ನೆರಡು ವೋಚರ್ ಬರೆಸಿಕೊಂಡರೆ ಮುಗಿಯಿತು. ಗುರುಗಳ ಹೆಸರು ಏಕೆ ಕೆಡಿಸುತ್ತೀ?” ಕಾಮಗಾರಿ ಮುಗಿದಿದೆ ಎಂಬ ದೃಢೀಕರಣಕ್ಕೆ ಸಹಿ ಹಾಕಬೇಕಾದವರು ಸಿಸ್ಟರ್. ಎರಡನೆಯ ಹಿರಿಯರು ಅವರಿಗೆ ವಿಧೇಯತೆಯ ವ್ರತವನ್ನು ನೆನಪಿಸಿದರು.

ಆ ಕೆಲವು ನಿಮಿಷ ಯಾರೂ ಮಾತಾಡಲಿಲ್ಲ. ಸಿಸ್ಟರ್ ಪೆನ್ನನ್ನು ಮುಟ್ಟದೆ, “ಫಾದರ್, ಮೊದಲು ನೀವು ಬಂದು ಆ ಬಚ್ಚಲು ನೋಡಿ. ಆಮೇಲೆ ಸಹಿ ಕೇಳಿ” ಎಂದರು. ಫಾದರ್ ಎದ್ದು ಹೋದರು. ಹಿರಿಯರು ಕುಳಿತಲ್ಲೇ ಕುಳಿತಿದ್ದರು.

ಈ ‘ಹೊಟ್ಟೆಗೆ ಹಾಕಿಕೊಂಡಿಲ್ಲ’ ಎಂಬ ಮಾತು ನಮ್ಮ ಸಂಸ್ಥೆಗಳನ್ನು ಕಳ್ಳತನಕ್ಕಿಂತ ಹೆಚ್ಚು ಹಾಳು ಮಾಡಿದೆ ಎಂದು ನನ್ನ ನಂಬಿಕೆ. ಕಳ್ಳತನವಾದರೆ ಹಿಡಿಯಬಹುದು, ಇದನ್ನು ಹಿಡಿಯ ಹೋದವರೇ ಕೆಟ್ಟವರಾಗುತ್ತಾರೆ. ನಿಯಮಕ್ಕೇನೂ ಬರವಿಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) 8ನೆಯ ಸೆಕ್ಷನ್ ಪ್ರಕಾರ ಯಾವ ಉದ್ದೇಶಕ್ಕೆ ಹಣ ಬಂತೋ ಅದಕ್ಕೇ ಖರ್ಚಾಗಬೇಕು. ಅದಕ್ಕೂ ಮೊದಲೇ, ನಮ್ಮ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, 1983ರ ಕಾನೂನು ಸಂಹಿತೆಯ 1267ನೆಯ ನಿಯಮ ಇದನ್ನೇ ಹೇಳಿದೆ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು ಎನ್ನುತ್ತದೆ 1287ನೆಯದು. 2021ರಲ್ಲಿ ಪೋಪ್ ಫ್ರಾನ್ಸಿಸ್ ದಂಡನೆಯ ಭಾಗವನ್ನು ತಿದ್ದಿದಾಗ, ಧರ್ಮಸಭೆಯ ಆಸ್ತಿಯ ನಿರ್ವಹಣೆಯಲ್ಲಿ ಘೋರ ನಿರ್ಲಕ್ಷ್ಯ ತೋರುವುದೂ ಶಿಕ್ಷಾರ್ಹ ಅಪರಾಧವಾಯಿತು. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ನಿನ ನ್ಯಾಯಾಲಯ ಕಾರ್ಡಿನಲ್ ಬೆಚ್ಚು ಅವರಿಗೆ ಹಣದ ದುರ್ಬಳಕೆಗಾಗಿ ಐದೂವರೆ ವರ್ಷ ಸಜೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದರು. ಕೆಂಪು ಟೊಪ್ಪಿಗೆಯ ಕಾರ್ಡಿನಲ್ಲರೂ ಕಟಕಟೆಯಲ್ಲಿ ನಿಂತ ಮೇಲೆ, ನಮ್ಮೂರಿನಲ್ಲಿ ಒಂದು ವೋಚರ್ ಬಗ್ಗೆ ಪ್ರಶ್ನೆ ಕೇಳಿದರೆ ದೈವದ್ರೋಹವಾಗುತ್ತದೆಯೇ?

ಆ ರಾತ್ರಿ ನನ್ನನ್ನು ಕಾಡಿದ್ದು ಹಣದ ಪ್ರಕರಣವಲ್ಲ, ಅಮೆರಿಕದ ಮೆಕ್ಕ್ಯಾರಿಕ್ ಪ್ರಕರಣ. ಲೈಂಗಿಕ ದೌರ್ಜನ್ಯಕ್ಕಾಗಿ 2019ರಲ್ಲಿ ಗುರುಪಟ್ಟ ಕಳೆದುಕೊಂಡ ಈ ಮಾಜಿ ಕಾರ್ಡಿನಲ್ ಬಗ್ಗೆ ವ್ಯಾಟಿಕನ್ 2020ರಲ್ಲಿ ದೊಡ್ಡ ವರದಿ ಹೊರತಂದಿತು. ಅವರನ್ನು ವಾಷಿಂಗ್ಟನ್ನಿಗೆ ಆರ್ಚ್‌ಬಿಷಪ್ ಆಗಿ ನೇಮಿಸುವ ಮುನ್ನ, 2000ದಲ್ಲಿ, ರೋಮ್ ನಾಲ್ವರು ಬಿಷಪ್ಪರನ್ನು ವಿಚಾರಿಸಿತ್ತು. ಮೂವರು ಕೊಟ್ಟ ಮಾಹಿತಿ ಅಪೂರ್ಣವಾಗಿತ್ತು, ನಿಖರವಾಗಿರಲಿಲ್ಲ ಎಂದು ಆ ವರದಿಯೇ ಹೇಳುತ್ತದೆ. ಬಚ್ಚಲಿನ ಕಲ್ಲನ್ನೂ ಎಳೆಯರ ಮೇಲಿನ ದೌರ್ಜನ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬಾರದು, ತೂಗುತ್ತಲೂ ಇಲ್ಲ. ಆದರೆ ಮೇಲಿನವರಿಗೆ ಹೋಗುವ ಕಾಗದದಲ್ಲಿ ಒಂದು ಸಾಲು ಬಿಟ್ಟು ಬರೆಯುವ ಅಭ್ಯಾಸ ಎರಡಕ್ಕೂ ಒಂದೇ. ನನ್ನ ಮುಂದಿದ್ದ ಯುಸಿಯೂ ಅಂಥದೇ ಕಾಗದವಾಗಬೇಕೆಂದು ಹಿರಿಯರು ಬಯಸಿದ್ದರು.

ಫಾದರ್ ಬಚ್ಚಲು ನೋಡಿ ಬಂದವರೇ ಬಿಷಪ್ ನಿವಾಸಕ್ಕೆ ಫೋನು ಮಾಡಿದರು. ಮರುದಿನ ದಾನಿ ಸಂಸ್ಥೆಗೆ ತಾವೇ ಪತ್ರ ಬರೆದರು: ಇಷ್ಟು ಹಣ ಬೇರೆ ಕಟ್ಟಡಕ್ಕೆ ಹೋಗಿದೆ, ಅದು ತಪ್ಪು, ಬಚ್ಚಲು ಇನ್ನೂ ಮುಗಿದಿಲ್ಲ. ಹೊರದೇಶದ ದೇಣಿಗೆಗೆಂದೇ ಇರುವ ಎಫ್‌ಸಿ ಖಾತೆಗೆ ಲೋಕಲ್ ಹಣ, ಅಂದರೆ ದೇಶದೊಳಗೆ ಬಂದ ಹಣ, ತುಂಬುವಂತಿಲ್ಲ. ಹೀಗಾಗಿ ಆಡಿಟರ್ ವರದಿಯಲ್ಲಿ ವಿಷಯವನ್ನು ನಮೂದಿಸಿ, ಬಾಕಿ ಕೆಲಸವನ್ನು ಲೋಕಲ್ ಖಾತೆಯಿಂದಲೇ ಮಾಡಿಸುವುದೆಂದು ತೀರ್ಮಾನವಾಯಿತು. ದಾನಿ ಸಂಸ್ಥೆ ಎರಡನೆಯ ಕಂತನ್ನು ತಡೆಹಿಡಿಯಿತು. ನಿಜ ಹೇಳಿದ್ದಕ್ಕೆ ಬೆಲೆ ತೆತ್ತವರು ಮಕ್ಕಳೇ. ಆ ಬೇಸಿಗೆ ಪೂರ್ತಿ ಸೀರೆ ಕಟ್ಟಿದ ಬಾಗಿಲೇ ಗತಿಯಾಯಿತು. ಇದು ನನಗೆ ಈಗಲೂ ನೋವಿನ ಸಂಗತಿ.

ಮುಂದಿನ ಭಾನುವಾರ ಪೂಜೆಯ ಕೊನೆಗೆ, ಪ್ರಕಟಣೆಗಳ ಹೊತ್ತಿಗೆ, ಫಾದರ್ ಇಡೀ ಲೆಕ್ಕವನ್ನು ಓದಿದರು. ಗಲಾಟೆಯಾಗುತ್ತದೆಂದು ಹಿರಿಯರು ಹೆದರಿಸಿದ್ದರು. ಯಾವ ಗಲಾಟೆಯೂ ಆಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ತೊಗರಿ ಬೆಳೆಯುವ ರೈತರೊಬ್ಬರು ಎದ್ದು, “ಹೋದ ವರ್ಷದ್ದನ್ನೂ ಓದಿರಿ ಫಾದರ್” ಎಂದು ಕೇಳಿದರು. ಓದಲು ನಮ್ಮ ಬಳಿ ಹೋದ ವರ್ಷದ ಲೆಕ್ಕ ಆ ರೂಪದಲ್ಲಿ ಇರಲೇ ಇಲ್ಲ. ಅದನ್ನು ಸಿದ್ಧ ಮಾಡಿಕೊಡುವಷ್ಟರಲ್ಲಿ ನನಗೆ ಸಾಕುಸಾಕಾಯಿತು, ಆದರೆ ಮಾಡಿದೆ.

ಹಳೆಯ ನಿರ್ದೇಶಕರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಈಗ ಅವರ ಕೈಯಲ್ಲಿರುವ ಸಂಸ್ಥೆ ನಮ್ಮದಕ್ಕಿಂತ ದೊಡ್ಡದು. ಬೇರೆ ಊರಿಗೆ ಕಳಿಸಿದರೆ ಪ್ರಶ್ನೆಯೂ ಅವರ ಜೊತೆ ಹೋಗುತ್ತದೆ ಎಂದು ನಮ್ಮ ಹಿರಿಯ ಗುರುಗಳು ಇನ್ನೂ ತಿಳಿದಿದ್ದಾರೆ. ವರ್ಗಾವಣೆಗೆ ಮೊದಲು ಲೆಕ್ಕ ತಪಾಸಣೆ ಕಡ್ಡಾಯ ಮಾಡಿ ಎಂದು ಸಿಸ್ಟರ್ ಮತ್ತು ನಾನು ಸಹಿ ಹಾಕಿ ಕಳಿಸಿದ ಮನವಿಗೆ ಉತ್ತರ ಬಂದಿಲ್ಲ. ಈ ವರ್ಷದ ವರ್ಗಾವಣೆ ಪಟ್ಟಿಯಲ್ಲಿ ನಮ್ಮ ಈಗಿನ ಫಾದರ್ ಹೆಸರೂ ಇದೆ. ಉತ್ತರಕ್ಕೆ ಕಾಯದೆ ಅವರೇ ಆಡಿಟರ್‌ಗೆ ದಿನ ಗೊತ್ತು ಮಾಡಿದ್ದಾರೆ. ಅಡ್ವಾನ್ಸ್ ಪಟ್ಟಿಯ ಮೊದಲ ಪ್ರತಿ ನಿನ್ನೆ ಅವರ ಮೇಜಿಗೆ ಕೊಟ್ಟು ಬಂದಿದ್ದೇನೆ.