ಏಳನೆಯ ಮೆಟ್ಟಿಲು

ಕೆನಡಾದ ವೀಸಾ ಬಂದ ದಿನ ಅಮ್ಮ ಕೇಳಿದ್ದು ಒಂದೇ ಮಾತು: “ವೀಣೆ?”

ಕ್ಯಾಲ್ಗರಿಯಲ್ಲಿ ಕೆಲಸ ಸಿಕ್ಕಿತ್ತು. ಹೊರಡಲು ಐದು ವಾರವಿತ್ತು. ಒಯ್ಯಬೇಕಾದವುಗಳ ಪಟ್ಟಿಯಲ್ಲಿ ಚಟ್ನಿಪುಡಿ, ಉಣ್ಣೆಯ ಕಾಲುಚೀಲ, ಅಂಕಪಟ್ಟಿಗಳ ನಕಲು ಎಲ್ಲವೂ ಸೇರಿದ್ದವು. ವೀಣೆಯನ್ನು ಮಾತ್ರ ನಾನು ಬರೆದಿರಲಿಲ್ಲ. ಬರೆಯುವ ಧೈರ್ಯವಿರಲಿಲ್ಲ, ಬಿಟ್ಟು ಹೋಗುತ್ತೇನೆ ಎನ್ನುವ ಧೈರ್ಯವೂ ಇರಲಿಲ್ಲ.

ಅದು ಅಜ್ಜಿಯ ವೀಣೆ. 1950ರ ದಶಕದಲ್ಲಿ ಮೈಸೂರಿನಲ್ಲೇ ಮಾಡಿಸಿದ್ದು. ಹಲಸಿನ ಮರದ ಕೊಡ, ದಂಡಿಯ ತುದಿಯಲ್ಲಿ ಬಾಯಿ ತೆರೆದ ಯಾಳಿಯ ಸಿಂಹಮುಖ, ಕೊಡದ ಮೇಲೆ ಬಳ್ಳಿಯಂತೆ ಸುತ್ತಿದ ಬಿಳಿಯ ಕುಸುರಿ. ರೇಡಿಯೋದಲ್ಲಿ ದೊರೆಸ್ವಾಮಿ ಅಯ್ಯಂಗಾರ್ಯರ ವಾದನ ಬಂದರೆ ಅಜ್ಜಿ ಒಲೆಯ ಮೇಲಿದ್ದುದನ್ನು ಇಳಿಸಿ ಬಂದು ಕೂರುತ್ತಿದ್ದರು. ಅಮ್ಮ ಅದೇ ವೀಣೆಯಲ್ಲಿ ವರ್ಣಗಳವರೆಗೆ ಕಲಿತು, ಮದುವೆಯಾದ ಮೇಲೆ ಕೈಬಿಟ್ಟರು. ಎಂಟನೆಯ ವಯಸ್ಸಿನಲ್ಲಿ ನಾನು ಅದರ ಮುಂದೆ ಕುಳಿತಾಗ ಕೊಡ ನನ್ನ ಎದೆಯೆತ್ತರಕ್ಕೆ ಬರುತ್ತಿತ್ತು. ಅಲ್ಲಿಂದೀಚೆಗೆ ಪರೀಕ್ಷೆ, ಜ್ವರ, ಸೂತಕ ಬಿಟ್ಟರೆ ಅದನ್ನು ಮುಟ್ಟದ ದಿನಗಳು ಕಡಿಮೆ.

ಮೊದಲು ಅಳತೆಪಟ್ಟಿ ಹಿಡಿದೆ. ವಿಮಾನದ ಸಾಮಾನಿಗೆ ಉದ್ದ, ಅಗಲ, ಎತ್ತರ ಕೂಡಿ 158 ಸೆಂಟಿಮೀಟರ್, ತೂಕ 23 ಕಿಲೋ ಎಂಬ ಮಿತಿಯಿತ್ತು. ತೂಕದ್ದೇನೂ ತೊಂದರೆಯಿಲ್ಲ. ಆದರೆ ಪೆಟ್ಟಿಗೆಯಲ್ಲಿಟ್ಟ ವೀಣೆಯ ಅಳತೆ ಕೂಡಿದರೆ ಇನ್ನೂರು ದಾಟಿತು. ಹೆಚ್ಚು ಹಣ ಕಟ್ಟಿದರೆ ಒಯ್ಯಬಹುದಿತ್ತು. ಕಟ್ಟಲು ನಾನು ಸಿದ್ಧಳಿದ್ದೆ. ಪ್ರಯಾಣ ತಾಳುತ್ತದೆಯೇ ಎಂದು ಕೇಳಿ, ತಂತಿಗಳನ್ನು ಸಡಿಲಿಸಿಕೊಂಡು ಬರೋಣ ಎಂದು ಒಂದು ಬೆಳಿಗ್ಗೆ ಆಟೋದಲ್ಲಿ ಅದನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು ವೀಣೆ ಮಾಡುವವರ ಮನೆಗೆ ಹೋದೆ.

ಎಪ್ಪತ್ತು ದಾಟಿದ ಹಿರಿಯರು ಅವರು. ನಮ್ಮ ವೀಣೆಯ ಮೇಳವನ್ನು ಇಪ್ಪತ್ತು ವರ್ಷಗಳಿಂದ ಅವರೇ ಕಟ್ಟುತ್ತಿದ್ದಾರೆ. ವೀಣೆಯ ಮೆಟ್ಟಿಲುಗಳು ಗಿಟಾರಿನವುಗಳಂತೆ ಮರದೊಳಗೆ ಕೂತಿರುವುದಿಲ್ಲ. ದಂಡಿಯ ಎರಡೂ ಅಂಚಿಗೆ ಜೇನುಮೇಣ ಮತ್ತು ಇದ್ದಿಲಪುಡಿ ಬೆರೆಸಿದ ಕಪ್ಪು ದಿಂಡು. ಆ ಎರಡು ದಿಂಡುಗಳ ಮೇಲೆ ಅಡ್ಡಡ್ಡವಾಗಿ 24 ಕಂಚಿನ ಮೆಟ್ಟಿಲುಗಳು. ಹಿಡಿದಿರುವುದು ಮೇಣ ಮಾತ್ರ. ಸೆಕೆಗೆ ಮೇಣ ಮೆತ್ತಗಾಗಿ ಮೆಟ್ಟಿಲು ಕೆಳಕ್ಕೆ ಕೂರುತ್ತದೆ, ಚಳಿಗೆ ಬಿರುಸಾಗಿ ಬಿರುಕು ಬಿಡುತ್ತದೆ. ಆಗ ಮೇಣವನ್ನು ಹೊಸದಾಗಿ ಹಾಕಿ, ಶ್ರುತಿ ಕೇಳಿಕೊಂಡು ಒಂದೊಂದೇ ಮೆಟ್ಟಿಲನ್ನು ಕೂರಿಸಬೇಕು. ಅದೇ ಮೇಳ ಕಟ್ಟುವುದು.

ಅಂದು ಹದಿನಾಲ್ಕನೆಯ ಮೆಟ್ಟಿಲು ಕೊಂಚ ವಾಲಿತ್ತು. ಅವರು ಕಾಯಿಸಿದ ಕಬ್ಬಿಣದ ಕಡ್ಡಿಯನ್ನು ಮೇಣದ ಬಳಿ ಹಿಡಿದರು. ಕಪ್ಪು ಮೇಣದ ಮೈ ಮಿನುಗಿತು, ಕೋಣೆಯಲ್ಲಿ ಜೇನಿನ ವಾಸನೆ ಎದ್ದಿತು. ಮೆಟ್ಟಿಲನ್ನು ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಸರಿಸಿ, ಸಾರಣಿ ತಂತಿ ಮೀಟಿ, ಕಣ್ಣು ಮುಚ್ಚಿ ಕೇಳಿದರು. ಮತ್ತೆ ಸರಿಸಿದರು. ಮತ್ತೆ ಕೇಳಿದರು. ಒಂದು ಮೆಟ್ಟಿಲಿಗೆ ಕಾಲು ಗಂಟೆಯೇ ಹಿಡಿಯಿತು. ಆಮೇಲೆ ತಲೆಯೆತ್ತಿ ಕೇಳಿದರು, “ಅಲ್ಲಿ ಮೇಳ ಕಟ್ಟುವವರು ಯಾರಿದ್ದಾರಮ್ಮ?”

ಯಾರೂ ಗೊತ್ತಿಲ್ಲ ಎಂದೆ. ಚಳಿ ಎಷ್ಟು ಎಂದರು. ಕೆಲವು ದಿನ ಸೊನ್ನೆಗಿಂತ 30 ಡಿಗ್ರಿ ಕೆಳಗೆ, ಮನೆಯೊಳಗೆ ಹಗಲೂ ರಾತ್ರಿ ಹೀಟರ್, ಗಾಳಿ ಒಣಒಣ ಎಂದೆ. ಅವರು ಅಂಗೈಯನ್ನು ಕೊಡದ ಮೇಲಿಟ್ಟು ಸುಮ್ಮನಾದರು. ಮೈಸೂರಿನ ಗಾಳಿಯಲ್ಲಿ ಹಣ್ಣಾದ ಮರ. ತೇವ ಆರಿದರೆ ಬೆಸುಗೆಯಲ್ಲಿ ಸೀಳು ಬಿಡುತ್ತದೆ ಎಂದು ಹೇಳುವ ಅಗತ್ಯವೇ ಇರಲಿಲ್ಲ.

ಅದಕ್ಕಿಂತ ದೊಡ್ಡ ಅಡ್ಡಿಯನ್ನು ಅವರು ತೋರಿಸಿದ್ದು ಕೊನೆಗೆ. ಬಿಳಿಯ ಕುಸುರಿಯ ಮೇಲೆ ಭೂತಗನ್ನಡಿ ಹಿಡಿದು ನನ್ನನ್ನು ಕರೆದರು. ಕತ್ತರಿಸಿದ ಅಂಚಿನಲ್ಲಿ ಬಲೆಯಂತೆ ಒಂದನ್ನೊಂದು ದಾಟುವ ನವಿರು ಗೆರೆಗಳು. “ಇದು ದಂತ. ಈಗ ನಾವು ಹಾಕುವುದು ಪ್ಲಾಸ್ಟಿಕ್.” ಆಗ ನೆನಪಾಯಿತು, ವೀಣೆಯ ಗವಸಿನ ಜೇಬಿನಲ್ಲಿ ಅರಣ್ಯ ಇಲಾಖೆಯ ಮುದ್ರೆಯಿರುವ ಹಳೆಯ ಕಾಗದವೊಂದಿತ್ತು. ತಾತ ಮಾಡಿಸಿಟ್ಟ ಮಾಲೀಕತ್ವದ ಪತ್ರ. ಮನೆಯಲ್ಲಿ ಇಟ್ಟುಕೊಳ್ಳಲು ಅದು ಸಾಕು, ದೇಶ ದಾಟಲು ಸಾಲದು. ಏಷ್ಯಾದ ಆನೆ 1975ರಿಂದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ನಮ್ಮ ಕಾನೂನು 1986ರಲ್ಲಿ ದಂತದ ವ್ಯಾಪಾರವನ್ನೇ ನಿಲ್ಲಿಸಿತು. ನಿಲ್ಲಿಸಿದ್ದು ಸರಿ. ಎಷ್ಟು ಚೆಂದದ ಕುಸುರಿಯಾದರೂ ಅದು ಒಂದು ಆನೆಯ ಬಾಯಿಂದ ಬಂದದ್ದು.

“ಬೇಕಾದರೆ ದಂತವನ್ನೆಲ್ಲ ಬಿಡಿಸಿ ಪ್ಲಾಸ್ಟಿಕ್ ಕೂರಿಸಿಕೊಡುತ್ತೇನೆ. ನಾದಕ್ಕೇನೂ ಆಗುವುದಿಲ್ಲ” ಎಂದರು ಹಿರಿಯರು. ಆ ಮಾತಿಗೆ ನಾನು ಅರ್ಧ ಒಪ್ಪಿಬಿಟ್ಟಿದ್ದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ: ಕುಸುರಿಯ ಕೆಲಸಕ್ಕೆ ಇಷ್ಟು, ಗಟ್ಟಿ ಪೆಟ್ಟಿಗೆಗೆ ಇಷ್ಟು, ತೇವ ಕಾಯುವ ಯಂತ್ರಕ್ಕೆ ಇಷ್ಟು. ಮೇಳ ಕಟ್ಟುವುದನ್ನು ನಾನೇ ಕಲಿತರೆ? ಐದು ವಾರದಲ್ಲಿ? ಆ ಹೆಬ್ಬೆರಳಿಗೆ ಐವತ್ತು ವರ್ಷದ ಅಭ್ಯಾಸವಿತ್ತು. ದಂಡಿಯನ್ನು ಬಿಚ್ಚಿ ಜೋಡಿಸುವ ವೀಣೆಗಳು ಈಗ ಸಿಗುತ್ತವೆ, ಮೇಣವಿಲ್ಲದೆ ಮೆಟ್ಟಿಲು ಕೂರಿಸಿದವೂ ಇವೆ. ಊರೂರು ತಿರುಗುವವರಿಗೆ ಅವು ನಿಜಕ್ಕೂ ಉಪಕಾರ. ಆದರೆ ಆ ದಿನ ನನಗೆ ಬೇಕಾಗಿದ್ದದ್ದು ವೀಣೆಯಲ್ಲ, ಈ ವೀಣೆ.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ದಂತದ ವಿಷಯ ಕೇಳಿ, “ನಮ್ಮಮ್ಮ ಕೈಯಿಟ್ಟ ಕಡೆಯೆಲ್ಲ ಕಿತ್ತು ತೆಗೆಯಬೇಕೇ?” ಎಂದರು. ಮತ್ತೇನೂ ಹೇಳಲಿಲ್ಲ. ನಾನು ಬೇಸರದಿಂದ ಒಳಗೆ ಹೋಗಿ ಮಲಗಿದೆ. ಸಂಜೆ ಎದ್ದು ಬಂದಾಗ ಅಮ್ಮ ಹೊಸ್ತಿಲ ಬೆಳಕಿನಲ್ಲಿ ಕುಳಿತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಎಡಗೈಯ ತೋರುಬೆರಳು, ನಡುಬೆರಳು. ಆ ಎರಡೇ. ಮಾಂಸಕ್ಕೆ ತಾಗುವಷ್ಟು ಒತ್ತಿ. ಬಲಗೈಯ ಉಗುರುಗಳನ್ನು ಮುಟ್ಟಿರಲಿಲ್ಲ.

ವೀಣೆ ಕಲಿತವರಿಗೆ ಅದರ ಅರ್ಥ ಹೇಳಬೇಕಿಲ್ಲ. ತಂತಿಯನ್ನು ಒತ್ತಿ ಎಳೆಯುವ ಬೆರಳುಗಳಿಗೆ ಉಗುರಿರಬಾರದು, ಮೀಟುವ ಬೆರಳುಗಳಿಗೆ ಇರಬೇಕು.

“ಮೂವತ್ತೊಂದು ವರ್ಷವಾಯಿತು” ಎಂದರು, ನನ್ನ ಮುಖ ನೋಡದೆ. “ಮೊದಲ ಪಾಠ, ಸರಳೆಯಿಂದಲೇ ಶುರು ಮಾಡಬೇಕು.”

ವೀಣೆ ಉಳಿಯಿತು. ಸುಲಭವಾಗಿ ಬಿಟ್ಟುಬಂದೆ ಎಂದು ಹೇಳಲಾರೆ. ನನ್ನ ಬೆರಳ ತುದಿಯಲ್ಲಿ ತಂತಿ ಕೊರೆದಿದ್ದ ಗೀರು ಡಿಸೆಂಬರ್ ಹೊತ್ತಿಗೆ ಮಾಸಿಹೋಯಿತು. ಹಿಮ ಸುರಿಯುವ ರಾತ್ರಿಗಳಲ್ಲಿ ಅದನ್ನು ಹೆಬ್ಬೆರಳಿನಿಂದ ತಡವಿ ಹುಡುಕುತ್ತಿದ್ದೆ. ದಿಂಬಿನ ಮೇಲೆ ಬೆರಳು ಇಟ್ಟು ಗಮಕ ಎಳೆದ ರಾತ್ರಿಗಳೂ ಇವೆ.

ಏಪ್ರಿಲ್‌ನಲ್ಲಿ ನನ್ನ ಸಂಜೆ ಏಳೂವರೆ ಎಂದರೆ ಮೈಸೂರಿನಲ್ಲಿ ಬೆಳಿಗ್ಗೆ ಏಳು. ಅಮ್ಮ ಮೊಬೈಲನ್ನು ಸ್ಟೂಲಿಗೆ ಒರಗಿಸಿ ವೀಣೆಯ ಮುಂದೆ ಕುಳಿತಿದ್ದರು. ಮಾಯಾಮಾಳವಗೌಳದ ಸರಳೆ, ಒಂದನೆಯ ಕಾಲ. ಷಡ್ಜ, ರಿಷಭ, ಗಾಂಧಾರ, ಮಧ್ಯಮ. ಪಂಚಮಕ್ಕೆ ಬಂದಾಗ ತಂತಿ ಮುಂದಿನ ಮೆಟ್ಟಿಲಿಗೆ ತಗುಲಿ ಜುಂಯ್ ಎಂದದ್ದು ಫೋನಿನಲ್ಲೂ ಕೇಳಿಸಿತು.

“ಏಳನೆಯ ಮೆಟ್ಟಿಲು ಕೂತಿದೆ, ಅಮ್ಮ.”

ಅಮ್ಮ ಬಗ್ಗಿ, ಒಂದು ಕಣ್ಣು ಮುಚ್ಚಿ, ದಂಡಿಯ ಮೇಲೆ ಅಡ್ಡಕ್ಕೆ ನೋಡಿದರು. ಮೇಣವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು.

“ಹೌದು, ಸೆಕೆ ಜಾಸ್ತಿ ಈ ವರ್ಷ. ಶನಿವಾರ ಆಟೋದಲ್ಲಿ ಹಾಕಿಕೊಂಡು ಹೋಗಿ ಬರುತ್ತೇನೆ” ಎಂದು ಮತ್ತೆ ಷಡ್ಜಕ್ಕೆ ಬಂದರು.