ಜಪಾನಿನವರಿಗೆ ಇಂಗ್ಲಿಷ್ ಬೈಗುಳ ಕಲಿಸ್ತೀಯಾ?

ಕಲಿಸುತ್ತೇನೆ. ಜಪಾನಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನಾನು ರಜೆಗೆ ಮೈಸೂರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕಣ್ಣು ಮಿಟುಕಿಸಿ ಇದನ್ನು ಕೇಳುತ್ತಾರೆ. ಈ ಸಲ ಚಿಕ್ಕಮ್ಮ, ಊಟದ ಎಲೆಯ ಮುಂದೆ: "ಅವ್ರ ಭಾಷೇಲಿ ಬೈಗುಳಾನೇ ಇಲ್ವಂತಲ್ಲೇ. ಪಾಪ, ಅಂಥೋರ್ನ ಯಾಕೆ ಕೆಡಿಸ್ತೀಯ?"

ಆ 'ಪಾಪ' ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಜಪಾನಿನವರು ಬೈಯಲು ಬಾರದ ಸಾಧುಗಳಲ್ಲ. 'ಬಾಕಾ' ಅಂದರೆ ದಡ್ಡ, 'ಕುಸೊ' ಅಂದರೆ ಹೇಲು, 'ಚಿಕುಶೋ' ಅಂದರೆ ಪಶು. ಆದರೆ ಅಲ್ಲಿನ ಸಿಟ್ಟು ಹೆಚ್ಚಾಗಿ ಕೂತಿರುವುದು 'ನೀನು' ಎನ್ನುವ ಪದದಲ್ಲಿ, ಕ್ರಿಯಾಪದದ ಕೊನೆಯಲ್ಲಿ. 'ಕಿಸಾಮಾ' ಹಿಂದೊಮ್ಮೆ ದೊಡ್ಡವರನ್ನು ಕರೆಯುವ ಗೌರವದ ಮಾತಾಗಿತ್ತು. ಈಗ ಅದನ್ನು ಮುಖದೆದುರು ಅಂದರೆ ಹೊಡೆದಾಟಕ್ಕೆ ಕರೆದ ಹಾಗೆ. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕೇ? 'ಏಕವಚನದಲ್ಲಿ ಮಾತಾಡಿದ' ಅನ್ನುವುದಕ್ಕೇ ಕಾಲರ್ ಹಿಡಿದವರನ್ನು ನೋಡಿಕೊಂಡೇ ಬೆಳೆದಿದ್ದೇವೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ'. ಏಕವಚನಕ್ಕೆ ಇಳಿಯಲು ಅಲ್ಲಿ ಮೆಟ್ಟಿಲಿಲ್ಲ. ಸಿಟ್ಟು ಬೇರೆ ಪದಗಳನ್ನು ಹುಡುಕಿಕೊಳ್ಳಲೇಬೇಕು.

ಮಕ್ಕಳ ಮಾತು ಬೇರೆ. ಜಪಾನಿನ ಶಾಲೆಗಳಲ್ಲಿ 2020ರಿಂದ 5ನೇ ತರಗತಿಗೇ ಇಂಗ್ಲಿಷ್ ಪೂರ್ಣ ಪಠ್ಯವಿಷಯ. ಆ ಮಕ್ಕಳ ಮುಂದೆ ನಾನು ಈ ವಿಷಯ ಎತ್ತುವವಳಲ್ಲ. ನನ್ನ ಬಳಿ ಬರುವವರು ಕೆಲಸ ಮುಗಿಸಿ ಸಂಜೆ ಪಾಠಕ್ಕೆ ಕೂರುವ ದೊಡ್ಡವರು.

ಅವರಲ್ಲೊಬ್ಬರು ಕ್ಯೋಟೋದ ಒಂದು ರ್ಯೋಕಾನಿನಲ್ಲಿ, ಅಂದರೆ ಹಳೆ ಶೈಲಿಯ ವಸತಿಗೃಹದಲ್ಲಿ, ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸದವರು. ಐವತ್ತು ದಾಟಿದೆ. ಒಂದು ಸಂಜೆ ತಮ್ಮ ಚೌಕುಳಿ ಪುಸ್ತಕ ಬಿಚ್ಚಿ ನನ್ನ ಮುಂದಿಟ್ಟರು. ಪೆನ್ಸಿಲಿನಲ್ಲಿ, ಚೌಕಕ್ಕೊಂದು ಅಕ್ಷರದಂತೆ, ಮುದ್ದಾಗಿ ಬರೆದಿತ್ತು: 'ಫಾಕ್ಕಿನ್ ರೂರು', ಅಂದರೆ ಇಂಗ್ಲಿಷಿನ 'ಫಕಿಂಗ್ ರೂಲ್'. ಮೈಮೇಲೆ ಹಚ್ಚೆಯಿದ್ದ ಅತಿಥಿಯೊಬ್ಬನಿಗೆ, ಸಾಮೂಹಿಕ ಸ್ನಾನದ ಕೊಳಕ್ಕೆ ಇಳಿಯುವಂತಿಲ್ಲ ಎಂದು ಅವರು ಹೇಳಿದ್ದರು. ಜಪಾನಿನ ಎಷ್ಟೋ ಸ್ನಾನಗೃಹಗಳಲ್ಲಿ ಆ ಕಟ್ಟಳೆ ಇದೆ. ಅವನು ಕೂಗಾಡಿದ. ಇವರಿಗೆ ಅರ್ಥವಾಗಲಿಲ್ಲ. ಸೊಂಟ ಬಗ್ಗಿಸಿ 'ಥ್ಯಾಂಕ್ಯೂ' ಅಂದರು. ಪಕ್ಕದಲ್ಲಿದ್ದ ಬೇರೆ ಅತಿಥಿಗಳು ನಕ್ಕರು.

"ಸೆನ್ಸೇ, ಆ ಮಾತು ನನಗೋ, ನಿಯಮಕ್ಕೋ?"

ನಿಯಮಕ್ಕೆ, ಅಂದೆ. ಅವರು ಬಿಟ್ಟ ಉಸಿರು ನನಗೂ ಕೇಳಿಸಿತು. ಹತ್ತು ದಿನ ಅದನ್ನು ಹೊತ್ತುಕೊಂಡು ತಿರುಗಿದ್ದರು. ಆಮೇಲೆ ಒಂದು ಗಂಟೆ ಅದೇ ಪಾಠ: ಅದೇ ಪದ ವಸ್ತುವಿನ ಮುಂದೆ ಬಂದರೆ ಏನು, 'ಯೂ' ಜೊತೆ ಬಂದರೆ ಏನು, ಸ್ನೇಹಿತರು ಖುಷಿಯಲ್ಲಿ ಅಂದರೆ ಏನು. ಅವರ ಬಾಯಿಂದಲೇ ಬರುತ್ತಿದ್ದ ಇನ್ನೊಂದು ಮಾತನ್ನೂ ಹೇಳಬೇಕಾಯಿತು. ಜಪಾನಿ ವರ್ಣಮಾಲೆಯಲ್ಲಿ 'ಸ'ಕಾರದ ಸಾಲಿಗೆ 'ಸಿ' ಇಲ್ಲ, ಆ ಜಾಗದಲ್ಲಿರುವುದು 'ಶಿ'. ಕುರ್ಚಿ ತೋರಿಸಿ ಅಷ್ಟು ವಿನಯದಿಂದ ಅವರು ಹೇಳುತ್ತಿದ್ದ 'ಸಿಟ್ ಡೌನ್' ಅತಿಥಿಗಳ ಕಿವಿಗೆ 'ಶಿಟ್' ಎಂದೇ ಬೀಳುತ್ತಿತ್ತು. ಕೇಳಿ ಮುಖ ಮುಚ್ಚಿಕೊಂಡರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇದನ್ನೆಲ್ಲ ಹೇಳದೆ ಮುಚ್ಚಿಟ್ಟರೆ ಅದನ್ನು ಸಭ್ಯತೆ ಅನ್ನಬೇಕೇ, ಚಿಕ್ಕಮ್ಮ?

ಅಷ್ಟಕ್ಕೂ, ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆಯೇ ಬೇರೆ. ಬೈಸಿಕೊಂಡವರಿಗೆ ತಿರುಗಿ ಹೇಳಲು ಏನು ಕಲಿಸ್ತೀಯ? ಪಠ್ಯಪುಸ್ತಕದಲ್ಲಿ ಕ್ಷಮೆ ಕೇಳುವುದಕ್ಕೆ ಪುಟಗಟ್ಟಲೆ ವಾಕ್ಯಗಳಿವೆ. ಸಾಕು ನಿಲ್ಲಿಸಿ ಅನ್ನುವುದಕ್ಕೆ ಹುಡುಕಬೇಕು. ಅವತ್ತು ಬೋರ್ಡಿನ ಮೇಲೆ 'ಪ್ಲೀಸ್ ಡೋಂಟ್ ಸ್ಪೀಕ್ ಟು ಮೀ ಲೈಕ್ ದಟ್' ಎಂದು ಬರೆದೆ. ಅವರು ಅದನ್ನು ಪುಸ್ತಕಕ್ಕೆ ಇಳಿಸಿಕೊಂಡರು, ತಾವಾಗಿಯೇ ಮುಂದೆ ಒಂದು 'ಸಾರಿ' ಸೇರಿಸಿ. ಹತ್ತು ಸಲ ಹೇಳಿಸಿದೆ. ಹತ್ತು ಸಲವೂ 'ಸಾರಿ'ಯಿಂದಲೇ ಶುರು, ತಲೆ ಬಗ್ಗಿಸಿಯೇ ಮುಗಿತಾಯ.

ಮುಂದಿನ ವಾರ ಪುಸ್ತಕ ಬಿಚ್ಚಿದಾಗ, ಆ 'ಸಾರಿ'ಯ ಮೇಲೆ ಸ್ಕೇಲ್ ಇಟ್ಟು ಎಳೆದ ಒಂದು ನೇರ ಗೆರೆ ಇತ್ತು.